ಜಾಗ ಬಿಡ್ರಿ

ಅಮರೇಶ್ ಕೊಡದ ಕಂಠಕ್ಕೆ ಕೈ ಹಾಕಿ ಜಗ್ಗಿದ. ವೀರಭದ್ರಮ್ಮ ಬಿಡಲಿಲ್ಲ. ಅರ್ಧ ನೀರು ಇಬ್ಬರ ನಡುವೆ ಚೆಲ್ಲಿತು.

"ಅತ್ತಿ, ಜಳಕ ಎಲ್ಲಾ ಬಳ್ಳಾರ್ಯಾಗ ಆಗೇತಿ ಅಂದ್ನೆಲ್ಲ! ಮೇಕಪ್ ಹಾಳಾಕ್ಕೈತಿ. ಟೀವಿಯವ್ರು ಬರಾಕತ್ಯಾರ."

"ನೀರು ಹಾಕಲಾರ್ದ ಹೆಣ ಕುಣಿಗೆ ಇಳಸಾಂಗಿಲ್ಲಪ್ಪ, ನಮ್ಮಲ್ಲಿ."

ಕುರುಗೋಡಿನ ಆ ತವರಿನ ಅಂಗಳದಲ್ಲಿ ವೀರಭದ್ರಮ್ಮನ ಮಗಳು ಅರುಣಾಳ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ವಾಲದಿರಲೆಂದು ಹಣೆಗೆ ಬಿಳಿ ಪಟ್ಟಿ ಕಟ್ಟಿ ಮೊಳೆಗೆ ಬಿಗಿದಿದ್ದರು. ಮುಖ ಮಾತ್ರ ಶೂಟಿಂಗ್ ಸೆಟ್ಟಿಗೆ ಹೊರಟು ನಿಂತ ಹಾಗೆ. ದಪ್ಪ ಬಣ್ಣ ಗದ್ದ ದಾಟಿ ಕೊರಳ ತುಂಬ ಇಳಿದಿತ್ತು. ಬಳ್ಳಾರಿಯ ಪಾರ್ವತಿನಗರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಳಂತೆ.

"ಹೆಂಗ್ ಕುಂತಾಳ ನೋಡ್ರಿ, ಈಗ ಎದ್ದು ಅತ್ತಿಗೆ ವಿಷ ಹಾಕ್ತಾಳ," ಎಂದಳು ಪಕ್ಕದ ಮನೆಯ ಹಂಪಕ್ಕ.

ಧಾರಾವಾಹಿಯಲ್ಲಿ ಅರುಣಾ ಮನೆಮುರುಕ ಕಿರಿಸೊಸೆ. ತೆರೆಯ ಮೇಲೂ ಮನೆಯಲ್ಲೂ ಅಮರೇಶನೇ ಗಂಡ. ಅವಳ ಕಪಾಳಕ್ಕೆ ಬಿದ್ದ ದಿನ ಊರು ಎರಡು ತುತ್ತು ಹೆಚ್ಚೇ ಉಣ್ಣುತ್ತಿತ್ತು.

"ಸಿರುಗುಪ್ಪದಾಗ ಇವ್ರು ಹೊಡ್ದಿದ್ದು ನನ್ ಮೊಬೈಲ್ದಾಗ ಇನ್ನೂ ಐತವ್ವ. ಏನ್ ಆ್ಯಕ್ಟಿಂಗು!" ಎಂದು ಹಂಪಕ್ಕ ಅಮರೇಶನ ಕಡೆ ಗದ್ದ ಎತ್ತಿ ತೋರಿಸಿದಳು.

ವೀರಭದ್ರಮ್ಮ ಕೊಡವನ್ನು ಎದೆಗೆ ಅವುಚಿಕೊಂಡಳು.

*

ಹೋದ ದೀಪಾವಳಿ. ಕರೂರಿನ ಬೀಗರ ಮನೆಯಿಂದ ಮೂವರೂ ಮರಳುತ್ತಿದ್ದರು. ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ವೀರಭದ್ರಮ್ಮ ಬಾಳೆಹಣ್ಣು ಕೊಂಡು ಬರುವಷ್ಟರಲ್ಲಿ ಜನ ಮುತ್ತಿದ್ದರು. ನಡುವೆ ಅಮರೇಶ್ ಅರುಣಾಳ ಜಡೆ ಹಿಡಿದು, ಅವಳ ಮುಖವನ್ನು ಬಸ್ಸಿನ ತಗಡಿಗೆ ಅಪ್ಪಳಿಸುತ್ತಿದ್ದ.

"ಇಂಕೋಟಿ ವೆಯ್ಯನ್ನಾ!" ಇನ್ನೊಂದು ಹಾಕಣ್ಣ ಎಂದು ಯಾರೋ ತೆಲುಗಿನಲ್ಲಿ ಹುರಿದುಂಬಿಸಿದರು. ಇನ್ನೊಂದು ಬಿತ್ತು. ಚಪ್ಪಾಳೆ.

"ಅವ್ವಾ!"

ತೆರೆಯ ಮೇಲೂ ಹೀಗೇ ಕೂಗುತ್ತಿದ್ದಳು. ವೀರಭದ್ರಮ್ಮನ ಎದೆ ಉಬ್ಬಿತು. ಎರಡೂ ತೋಳು ಚಾಚಿ ಗುಂಪನ್ನು ಹಿಂದಕ್ಕೆ ನೂಕಿದಳು.

"ಶೂಟಿಂಗ್ ಐತ್ರಿ! ಹಿಂದ ಸರೀರಿ, ಜಾಗ ಬಿಡ್ರಿ!"

ಜನ ಜಾಗ ಬಿಟ್ಟರು. ಅಮರೇಶನ ಕೈಗೆ ಬೀಸಲು ಬೇಕಾದಷ್ಟು ಬಯಲು ಸಿಕ್ಕಿತು.

ಆಮೇಲೆ ಬಸ್ಸಿನಲ್ಲಿ, ಒಡೆದ ತುಟಿಯನ್ನು ಸೆರಗಿಗೆ ಒತ್ತಿಕೊಂಡು ಅರುಣಾ ಕೇಳಿದ್ದು ಒಂದೇ.

"ಕ್ಯಾಮೆರಾ ಎಲ್ಲಿತ್ತವ್ವ?"

*

"ಹೊತ್ತಾತು, ಎತ್ರಿ," ಎಂದ ಅಮರೇಶ್. ಯಾರೂ ಏಳುವ ಮೊದಲೇ ಅತ್ತೆಯ ಮಣಿಕಟ್ಟು ಹಿಡಿದು ತಿರುವಿದ. "ಬಿಡಲೇ ಮುದುಕಿ!"

ಅವಳು ಬಗ್ಗಿ ಅವನ ಮುಂಗೈಗೆ ಬಾಯಿ ಹಾಕಿದಳು. ನಾಲಿಗೆಗೆ ಉಪ್ಪು ರಕ್ತ ಹತ್ತುವ ತನಕ ಕಚ್ಚಿದಳು. ಅವನು ಚೀರಿ ಕೈ ಕಿತ್ತುಕೊಂಡಾಗ ಉಳಿದ ನೀರನ್ನೆಲ್ಲ ಮಗಳ ತಲೆಗೆ ಸುರಿದು, ಸೆರಗಿನಿಂದ ಕೊರಳು ತಿಕ್ಕಿದಳು.

ಬಣ್ಣ ಗೆರೆಗೆರೆಯಾಗಿ ಇಳಿಯಿತು. ಕೊರಳ ಒಂದು ಬದಿಗೆ ನಾಲ್ಕು ನೀಲಿ ಗುರುತು, ಇನ್ನೊಂದು ಬದಿಗೆ ಹೆಬ್ಬೆರಳು. ತಿಕ್ಕಿದಳು. ಅವು ಹೋಗಲಿಲ್ಲ.

"ಬಚ್ಚಲಕ್ಕ ಬೆರಳು ಇರ್ತಾವೇನಲೇ?"

ಹಂಪಕ್ಕ ಮೊಬೈಲು ತೆಗೆದಳು, ಸಿರುಗುಪ್ಪದ ಆ ವಿಡಿಯೋವನ್ನು ಮತ್ತೆ ನೋಡಿದಳು, ಬಾಯಿಗೆ ಸೆರಗು ತುರುಕಿಕೊಂಡಳು. ಆಮೇಲೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಬೆನ್ನಿಗೆ ಇನ್ನೊಬ್ಬಳು, ಮತ್ತೊಬ್ಬಳು.

"ಜಾಗ ಬಿಡ್ರಿ," ಎಂದ ಅಮರೇಶ್.

ಚರ್ಮದ ಬಣ್ಣದ ನೀರು ಕಲ್ಲುಹಾಸಿನ ಸಂದಿನಲ್ಲಿ ಹರಿದು ಬಂದು ಅವನ ಬೂಟು ಮುಟ್ಟಿತು. ಅವನು ಹಿಂದೆ ಸರಿದ. ಹಿಂದೆ ಜಾಗವಿರಲಿಲ್ಲ.