ಎರಡನೇ ಗಾಳಿ ಬಾಕಿ ಇದೆ

ಪರದೇಶಕ್ಕೆ ಹೊರಟವರಿಗೆ ನಮ್ಮ ಮನೆಗಳಲ್ಲಿ ರೊಟ್ಟಿ, ಚಟ್ನಿಪುಡಿಯ ಗಂಟಿನ ಜೊತೆ ಒಂದು ಮಾತನ್ನೂ ಕಟ್ಟಿ ಕಳಿಸುತ್ತಾರೆ. ‘ಮುಟ್ಟಿದ ಕೂಡಲೇ ಫೋನ್ ಮಾಡು.’ ಫೋನ್ ಬರುವ ತನಕ ತಾಯಿ ಬಾಯಿಗೆ ತುತ್ತಿಡುವುದಿಲ್ಲ. ಇದನ್ನು ಪ್ರೀತಿ ಅನ್ನುತ್ತೇವೆ. ಪ್ರೀತಿಯೇ, ಯಾರು ಇಲ್ಲ ಅಂದರು? ಆದರೆ ಅದೇ ಪ್ರೀತಿ ಒಬ್ಬ ಮಗನ ಕೈಯಲ್ಲೇ ಬಾಗಿಲು ತೆಗೆಸಿ ಅವನನ್ನು ಸಾವಿನ ಎದುರು ನಿಲ್ಲಿಸುವುದರಲ್ಲಿತ್ತು. ಜರ್ಮನಿಯ ರೇಗನ್ಸ್‌ಬರ್ಗ್‌ ಊರಿನ ನೀಲವ್ವನ ಮನೆಯಲ್ಲಿ ನಡೆದ ಸಂಗತಿ ಇದು. ಕೇಳಿ. ಕೇಳಿದ ಮೇಲೆ ಸುಮ್ಮನೆ ಕೂರಬೇಡಿ.

ನೀಲವ್ವ ರೋಣದ ಕಡೆಯವಳು. ಮಗ ಸಂತೋಷಕುಮಾರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮಗ, ಸೊಸೆ ಬಸವೇಶ್ವರಿಯ ಜೊತೆ ಮೂರು ತಿಂಗಳು ಇದ್ದು ಹೋಗಲು ಆಕೆ ಬಂದಿದ್ದಳು. ಅಕ್ಟೋಬರ್‌ನಲ್ಲಿ ಕಂಪನಿಯವರು ಸಂತೋಷನನ್ನು ಎರಡು ವಾರಕ್ಕೆಂದು ಮೆಕ್ಸಿಕೋಗೆ ಕಳಿಸಿದರು. ಪೆಸಿಫಿಕ್ ಸಮುದ್ರದ ದಂಡೆಯ ಒಂದು ಸಣ್ಣ ಊರು. ಅಲ್ಲಿ ಹೊಸ ಯಂತ್ರ ಕೂರಿಸುವ ಕೆಲಸ.

ಮೇಲಿನ ಮನೆಯಲ್ಲಿ ಮೈಸೂರಿನ ದ್ವಾರಕನಾಥ. ಕಂಪ್ಯೂಟರ್ ಬಲ್ಲವರನ್ನು ಈ ದೇಶ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ. ಅವರು ಆ ಕಾರ್ಡಿನ ಮೇಲೆ ಬಂದವರು. ಅದರ ಮೇಲೆ, ಸೂರಿನಡಿಯ ಕೋಣೆಯಲ್ಲಿ ಮುನಿಸ್ವಾಮಿ. ಕೋಲಾರದವನು, ಇಂಡಿಯನ್ ಹೋಟೆಲಿನ ಅಡುಗೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಲ್ಲಿಗೆ ಬರುವ ಮೊದಲು ನಾಲ್ಕು ವರ್ಷ ಸರಕಿನ ಹಡಗಿನಲ್ಲಿ ಅಡುಗೆ ಮಾಡಿ ಪೆಸಿಫಿಕ್ ಸಮುದ್ರವನ್ನು ಅಡ್ಡಡ್ಡ ದಾಟಿದವನು. ಕೊತ್ತಂಬರಿ ಸೊಪ್ಪು ಬೇಕಾದಾಗ ಕಟ್ಟಡದ ಕನ್ನಡಿಗರಿಗೆಲ್ಲ ಅವನ ನೆನಪು. ಬುದ್ಧಿ ಬೇಕಾದಾಗ ಯಾರಿಗೂ ಇಲ್ಲ.

ಸೋಮವಾರ ನೀಲವ್ವನ ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಟಿವಿಯಲ್ಲಿ ಹವಾಮಾನ ಬಂತು. ಮೆಕ್ಸಿಕೋದ ಕೆಳಗೆ ಸಮುದ್ರದ ಮೇಲೆ ಒಂದು ಹಿಡಿ ಬಿಳಿ ಮೋಡ.

"ಅವ್ವಾ, ಅದರ ಮ್ಯಾಲೆ ಒಂದು ಕಣ್ಣಿಟ್ಟಿರಿ" ಎಂದ ಮುನಿಸ್ವಾಮಿ. "ಮಗೂಗೆ ಇನ್ನೂ ಹೆಸರಿಟ್ಟಿಲ್ಲ. ಆದ್ರೆ ಬೆಳೆಯೋ ಜಾತಿ."

"ಮೋಡಾನೂ ಮಗು ಏನೋ?" ನೀಲವ್ವ ನಕ್ಕಳು. "ಹೊಳೀನ ಇಲ್ಲದ ಕೋಲಾರದಾಂವ ನೀ, ನಿನಗ ಸಮುದ್ರದ ಸುದ್ದಿ ಏನ್ ಗೊತ್ತಲೇ?"

"ಹೊಳೆ ಇಲ್ಲ ಅಂತಾನೇ ಅಲ್ವಾ ಅವ್ವಾ ಸಮುದ್ರಕ್ಕೆ ಹೋಗಿದ್ದು! ಒಲೆ ಮ್ಯಾಲಿನ ಪಾತ್ರೆ ನೋಡಿ. ನೀರು ಕಾದ್ರೆ ಆವಿ ಏಳ್ತದೆ. ಅಲ್ಲಿ ಸಮುದ್ರಾನೇ ಬೆಚ್ಚಗೈತೆ. ಆವಿ ಮೇಲಕ್ಕೆ ಹೋಗಿ ಮೋಡ ಆಯ್ತದೆ, ಮೋಡ ಆಗೋವಾಗ ಕಾವು ಬಿಡ್ತದೆ. ಆ ಕಾವಿಗೆ ಇನ್ನಷ್ಟು ಗಾಳಿ ಮೇಲಕ್ಕೆ ಹೋಯ್ತದೆ. ಖಾಲಿ ಆದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ತದೆ. ಭೂಮಿ ತಿರುಗ್ತಾ ಐತಲ್ಲ, ಅದಕ್ಕೆ ಆ ಗಾಳೀನೂ ನೆಟ್ಟಗೆ ಬರಲ್ಲ, ಸುತ್ತಿಕೊಂಡು ಬತ್ತದೆ."

ದ್ವಾರಕನಾಥರು ಬಿಸ್ಕತ್ತು ಅದ್ದುತ್ತಾ ಹೇಳಿದರು: "ಅಲ್ಲಯ್ಯ, ಆ ಕಡೆ ಹುಟ್ಟೋ ಸ್ಟಾರ್ಮ್‌ಗಳು ಬಹುಪಾಲು ಪಶ್ಚಿಮಕ್ಕೆ ಹೋಗಿ ಸಮುದ್ರದಲ್ಲೇ ಸಾಯುತ್ತವೆ. ಸ್ಟ್ಯಾಟಿಸ್ಟಿಕ್ಸ್ ನೋಡು. ಸುಮ್ನೆ ಹೆದರಿಸ್ಬೇಡ ಅವರನ್ನ."

"ಬಹುಪಾಲು ಅಂದ್ರಿ ಸಾರ್. ಮಿಕ್ಕಿದ್ದು?"

ದ್ವಾರಕನಾಥರು ಇನ್ನೊಂದು ಬಿಸ್ಕತ್ತು ಎತ್ತಿಕೊಂಡರು. ಮಾತು ಮೆಂತ್ಯ ಸೊಪ್ಪಿಗೆ ತಿರುಗಿತು.

ಬುಧವಾರ ಮೋಡಕ್ಕೆ ಹೆಸರು ಬಂತು. ಗುರುವಾರ ಅದು ಚಂಡಮಾರುತವಾಯಿತು, ನಡುವೆ ಕಣ್ಣು ತೆರೆಯಿತು. ಮೊದಲು ಪಶ್ಚಿಮಕ್ಕೇ ಹೋಗುತ್ತಿತ್ತು. ಬಡಗಣದಿಂದ ಬಂದ ಇನ್ನೊಂದು ಗಾಳಿ ಅದರ ಮೂಗುದಾರ ಹಿಡಿದು ದಂಡೆಯ ಕಡೆ ತಿರುಗಿಸಿತು. ಶುಕ್ರವಾರ ಅದರ ಬಲಕ್ಕೆ ಐದರಲ್ಲಿ ಐದು ಅಂಕಿ. ಸಂಜೆಗೆ ನಾಲ್ಕು.

"ನೋಡಿದ್ರಾ, ಇಳೀತಾ ಇದೆ!" ಎಂದು ದ್ವಾರಕನಾಥರು ಮೆಟ್ಟಿಲ ಮೇಲಿಂದಲೇ ಕೂಗಿದರು.

"ಆ ಅಂಕಿ ಗಾಳೀದು ಸಾರ್, ನೀರಿಂದಲ್ಲ" ಎಂದು ಮುನಿಸ್ವಾಮಿಯೂ ಕೂಗಿದ. "ಐದಿದ್ದಾಗ ತಳ್ಳಿರೋ ನೀರು, ನಾಲ್ಕಾದ ತಕ್ಷಣ ವಾಪಸ್ ಹೋಗಲ್ಲ. ಸಮುದ್ರ ಊರೊಳಕ್ಕೆ ಬತ್ತದೆ. ಸಂತೋಷ ಸಾರ್‌ಗೆ ದಂಡೆ ಬಿಡೋಕೆ ಹೇಳಿ!"

ಪುಣ್ಯಕ್ಕೆ ಅಲ್ಲಿಯ ಸರ್ಕಾರದವರು ಅಷ್ಟರಲ್ಲಿ ದಂಡೆಯ ಹೋಟೆಲುಗಳನ್ನು ಖಾಲಿ ಮಾಡಿಸಿದ್ದರು. ಸಂತೋಷ ಊರ ಒಳಗಿನ ದಿಬ್ಬದ ಮೇಲಿನ ಒಂದು ಶಾಲೆ ಸೇರಿದ್ದ. ಶಾಲೆಯ ಆಫೀಸಿನಿಂದ ಫೋನ್ ಮಾಡಿದ. ಬಸವೇಶ್ವರಿ ಆ ನಂಬರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡಳು. ಆಮೇಲೆ ನೀಲವ್ವ ಫೋನ್ ಕಸಿದುಕೊಂಡು ನಮ್ಮ ತಾಯಂದಿರೆಲ್ಲ ಹೇಳುವುದನ್ನೇ ಹೇಳಿದಳು.

"ಸಂತೂ, ಗಾಳಿ ನಿಂತ ಗಳಿಗೀಗೆ ಫೋನ್ ಮಾಡಬೇಕು ನೋಡಪ. ಅಲ್ಲೀತನ ನಾ ಒಂದ್ ತುತ್ತೂ ಬಾಯಾಗ ಇಡಾಂಗಿಲ್ಲ. ನನ್ನಾಣಿ ಐತಿ."

"ಆತು ಬೇ. ಇಲ್ಲಿ ಫೋನ್ ಸತ್ರ ಬಜಾರದಾಗ ಒಂದ್ ಬೂತ್ ಐತಿ. ಗಾಳಿ ನಿಂತ ಕೂಡ್ಲೇ ಓಡಿ ಹೋಗ್ತೀನಿ. ನಿನ್ನಾಣಿ."

ತಾಯಿ ಆಣೆ ಹಾಕಿದಳು, ಮಗ ಒಪ್ಪಿದ. ಎಲ್ಲರ ಕಣ್ಣೂ ತುಂಬಿದವು. ತಾವು ಮಾಡಿದ್ದೇನೆಂದು ಒಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮುನಿಸ್ವಾಮಿ ನಾಲ್ಕು ಉದ್ದಿನ ವಡೆ ಹಿಡಿದು ಬಂದ. ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ಒಣಗಿತ್ತು.

"ಅತ್ತಿ ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲಪಾ" ಎಂದಳು ಬಸವೇಶ್ವರಿ. ಆಣೆಯ ಸಂಗತಿ ಹೇಳಿದಳು. ಬಜಾರದ ಬೂತಿನ ಸಂಗತಿಯನ್ನೂ.

ಮುನಿಸ್ವಾಮಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ.

"ಗಾಳಿ ನಿಂತ ಕೂಡ್ಲೇನಾ? ಯಾವ ಗಾಳಿ ಅವ್ವಾ? ಮೊದಲ್ನೇದಾ, ಎರಡನೇದಾ?"

"ಗಾಳಿ ಅಂದ್ರ ಗಾಳಿ. ಅದರಾಗ ಎರಡೆಲ್ಲಿ ಬಂತು?"

ಅವನು ಒಂದು ವಡೆ ಎತ್ತಿ ಆಕೆಯ ಕಣ್ಣ ಮುಂದೆ ಹಿಡಿದ. "ಇದೇ ಚಂಡಮಾರುತ. ಈ ವಡೆ ಇರೋ ಕಡೆಯೆಲ್ಲ ಗಾಳಿ. ತೂತಿನ ಪಕ್ಕದಲ್ಲಿ ಎಲ್ಲಕ್ಕಿಂತ ಜೋರು. ತೂತೊಳಗೆ ಗಾಳೀನೇ ಇಲ್ಲ. ಅದೇ ಕಣ್ಣು. ಈಗ ಈ ಬೆಂಕಿಕಡ್ಡೀನೇ ಸಂತೋಷ ಸಾರ್ ಇರೋ ಸ್ಕೂಲು." ಜೇಬಿನಿಂದ ತೆಗೆದ ಕಡ್ಡಿಯ ತುದಿ ಮುರಿದು ಮೇಜಿನ ಮೇಲಿಟ್ಟು ವಡೆಯನ್ನು ನಿಧಾನವಾಗಿ ಅದರ ಮೇಲೆ ಸರಿಸಿದ. ಕಡ್ಡಿ ವಡೆಯ ಅಡಿ ಮುಚ್ಚಿಹೋಯಿತು. ಆಮೇಲೆ ತೂತಿನಲ್ಲಿ ಕಂಡಿತು. "ನೋಡಿ, ಗಾಳಿ ನಿಂತ್ಹೋಯ್ತು. ಬಿಸಿಲು ಬಂತು. ಮಗ ನಿಮ್ಮ ಆಣೆ ನೆನೆಸಿಕೊಂಡು ಬಾಗಿಲು ತೆಗೆದು ಬೂತಿಗೆ ಓಡಿದ. ಈಗ ಹೇಳಿ, ಮುಂದೇನೈತೆ?"

ನೀಲವ್ವ ವಡೆಯನ್ನು ನೋಡಿದಳು. ಇನ್ನರ್ಧ ಬಾಕಿ ಇತ್ತು.

"ಯವ್ವಾ" ಎಂದಳು ಮೆಲ್ಲಗೆ. "ಮತ್ತ ವಡಿ ಐತಿ."

"ಅಷ್ಟೇಯ! ಎರಡನೇ ಗಾಳಿ. ಅದೂ ಎದುರು ದಿಕ್ಕಿನಿಂದ. ಮೊದಲ್ನೇ ಗಾಳಿಗೆ ಅರ್ಧ ಸಡಿಲ ಆಗಿರೋ ತಗಡು, ಹೆಂಚು, ಮರ, ಎಲ್ಲಾನೂ ಅದು ಕಿತ್ತು ಎಸೀತದೆ."

ಗಲಾಟೆ ಕೇಳಿ ದ್ವಾರಕನಾಥರು ಕೆಳಗೆ ಬಂದಿದ್ದರು. "ಮುನಿಸ್ವಾಮಿ, ಕೂಗಾಡ್ಬೇಡ. ಸಂತೋಷ ಎಂಜಿನಿಯರ್ ಕಣಯ್ಯ. ಅವನಿಗೆ ಇಷ್ಟೂ ಗೊತ್ತಿರಲ್ವಾ? ನೀನು ಎಲ್ಲಿ ಓದಿದ್ದೆ ಇದನ್ನ?"

"ಓದಿಲ್ಲ ಸಾರ್, ನೋಡಿದೀನಿ. ಅದೇ ದೇಶದ ಇನ್ನೊಂದು ಬಂದರಿನಲ್ಲಿ ಹಡಗು ಕಟ್ಟಿದ್ವಿ. ಕಣ್ಣು ಬಂತು. ಆಕಾಶ ನೀಲಿ. ಸುಸ್ತಾದ ಹಕ್ಕಿಗಳು ಬಂದು ಹಡಗಿನ ಮ್ಯಾಲೆ ಕೂತ್ವು. ಹಗ್ಗ ನೋಡ್ಕೊಳ್ಳೋ ಯಜಮಾನ ಒಬ್ಬ ಇದ್ದ, ಇಪ್ಪತ್ತು ವರ್ಷ ಸಮುದ್ರ ಕಂಡೋನು. ಸಡಿಲ ಆದ ಹಗ್ಗ ಬಿಗೀತೀನಿ ಅಂತ ದಂಡೆಗೆ ಇಳಿದ. ಅರ್ಧ ಗಂಟೆ ಸಾರ್. ಅರ್ಧ ಗಂಟೆಗೆ ಎರಡನೇದು ಬಂತು. ಅವನ ಪಾಲಿನ ಅನ್ನ ನಾನು ಮೂರು ದಿನ ಎತ್ತಿಟ್ಟಿದ್ದೆ." ಅವನು ಕೈಯಲ್ಲಿದ್ದ ವಡೆಯನ್ನು ತಟ್ಟೆಗೆ ಹಾಕಿದ. "ಎಂಜಿನಿಯರ್‌ಗೆ ಗೊತ್ತಿರಬೋದು. ಆದ್ರೆ ಅಮ್ಮ ಉಪವಾಸ ಇದ್ದಾಳೆ ಅಂತ ಗೊತ್ತಿರೋ ಮಗ ಕಣ್ಣು, ಮೂಗು ಲೆಕ್ಕ ಹಾಕಲ್ಲ. ಓಡ್ತಾನೆ."

ದ್ವಾರಕನಾಥರು ಮೇಲೆ ಹೋದರು. ಐದು ನಿಮಿಷದಲ್ಲಿ ಇಂಟರ್ನೆಟ್ಟಿನಿಂದ ತೆಗೆದ ಒಂದು ಇಂಗ್ಲಿಷ್ ಹಾಳೆ ಹಿಡಿದು ಬಂದರು. ಮುಖ ಇಳಿದಿತ್ತು. "ಹವಾಮಾನದವರ ಎಚ್ಚರಿಕೆಯಲ್ಲೂ ಅದೇ ಬರೆದಿದ್ದಾರೆ. ಕಣ್ಣು ದಾಟೋವಾಗ ಹೊರಗೆ ಬರಬೇಡಿ ಅಂತ. ನೀನು ಹೇಳಿದ್ದು ನಿಜ."

"ಇಂಗ್ಲಿಷ್‌ನಲ್ಲಿ ಬಂದ ಮೇಲೆ ನಿಜ ಆಯ್ತಾ ಸಾರ್?"

ಗದ್ದಲ ತಾಳದೆ ಪಕ್ಕದ ಮನೆಯವರು ಗೋಡೆ ಬಡಿದರು. "ಬಡೀಲಿ ಬಿಡಿ" ಎಂದು ಮುನಿಸ್ವಾಮಿ ಕ್ಯಾಲೆಂಡರಿನ ಮೂಲೆಯ ನಂಬರಿನತ್ತ ಕೈ ತೋರಿಸಿದ. ಅಲ್ಲಿಗೂ ಇಲ್ಲಿಗೂ ಏಳು ತಾಸಿನ ಅಂತರ. ಅಲ್ಲಿ ಇನ್ನೂ ಬೆಳಗಿನ ಜಾವ. ಗಾಳಿ ಎದ್ದಿರಬಹುದು, ಲೈನು ಸತ್ತಿರಲಿಕ್ಕಿಲ್ಲ. ಬಸವೇಶ್ವರಿ ಫೋನ್ ಕಾರ್ಡಿನ ಗುಟ್ಟಿನ ಅಂಕಿಯನ್ನು ಉಜ್ಜಿ ತೆಗೆದು ನಂಬರ್ ಒತ್ತಿದಳು. ಸಿಗಲಿಲ್ಲ. ಮತ್ತೆ ಒತ್ತಿದಳು. ಆರನೆಯ ಸಲ ಯಾರೋ ಎತ್ತಿದರು. "ಸಂತೋಷಕುಮಾರ, ಸಂತೋಷಕುಮಾರ" ಎಂದು ಆಕೆ ಹೆಸರನ್ನೇ ಹತ್ತು ಸಲ ಕೂಗಿದಳು. ಕೊನೆಗೆ ಅವನ ದನಿ ಬಂತು. ಹಿಂದೆ ಕಿಟಕಿಗಳು ಗಡಗಡ ಅನ್ನುತ್ತಿದ್ದವು.

ನೀಲವ್ವ ಫೋನ್ ತೆಗೆದುಕೊಂಡಳು. "ಸಂತೂ, ಆಣಿ ವಾಪಸ್ ತೊಗೊಂಡೀನಿ. ಗಾಳಿ ನಿಂತ್ರೂ ಹೊರಗ ಬರಬ್ಯಾಡ. ಅದು ಬರೇ ತೂತು. ಅದರ ಹಿಂದ ಇನ್ನೊಂದು ಗಾಳಿ ಬರತೈತಿ. ಅಲ್ಲಿ ಮಂದಿ ಹೊರಗ ಬರ್ರಿ ಅನ್ನೂತನ ಕದ ತಗೀಬ್ಯಾಡ. ನಾಳೆ ಮಾಡು ಫೋನು, ನಾಡದ್ದು ಮಾಡು."

"ಮತ್ತ ನೀ ಉಪಾಸ ಇರತೀಯಲ್ಲಬೇ?"

"ಉಂಡೀನಿ."

"ಸುಳ್ಳ ಹೇಳಬ್ಯಾಡ. ನೀ ಉಣ್ಣಾಂಗಿಲ್ಲ, ನನಗ ಗೊತ್ತಿಲ್ಲೇನು?"

ನೀಲವ್ವ ಸುತ್ತ ನೋಡಿದಳು. ಮುನಿಸ್ವಾಮಿ ವಡೆ ಚಾಚಿದ. ಆಕೆ ತಲೆ ಅಲ್ಲಾಡಿಸಿದಳು. "ವಡಿ ಮೆತ್ತಗ ಐತಿ, ಅಂವಗ ಕೇಳೂದಿಲ್ಲ. ರೊಟ್ಟಿ ಕೊಡ." ರೋಣದಿಂದ ತಂದ ಖಡಕ್ ಜೋಳದ ರೊಟ್ಟಿಯ ಡಬ್ಬಿಯಿಂದ ಬಸವೇಶ್ವರಿ ಒಂದನ್ನು ತೆಗೆದು ಕೊಟ್ಟಳು. ನೀಲವ್ವ ಅದನ್ನು ಫೋನಿನ ಹತ್ತಿರ ಹಿಡಿದು ಮುರಿದಳು. ಲಟ್ಟೆಂದಿತು. ಬಾಯಿಗಿಟ್ಟು ಅಗಿದಳು. ಕರಂ, ಕರಂ. ಕಣ್ಣಲ್ಲಿ ನೀರು, ಬಾಯಲ್ಲಿ ರೊಟ್ಟಿ. ಅಷ್ಟು ಗಟ್ಟಿಯಾಗಿ ಯಾರೂ ಉಂಡದ್ದನ್ನು ಆ ಮನೆ ಕೇಳಿರಲಿಲ್ಲ.

"ಕೇಳ್ತೇನು?"

"ಕೇಳ್ತಬೇ" ಎಂದ ಮಗ. ಅವನು ನಗುತ್ತಿದ್ದ. "ಹೊರಗ ಹೋಗಂಗಿಲ್ಲ."

ಲೈನು ಸತ್ತಿತು.

ಆ ದಿನ ಫೋನ್ ಬರಲಿಲ್ಲ. ನೀಲವ್ವ ಸಂಜೆಯೂ ಉಂಡಳು. ಒಂದೊಂದು ತುತ್ತಿಗೂ ಸಿಟ್ಟು ಮಾಡಿಕೊಂಡು, ಆ ಗಾಳಿಗೆ ಬೈಯುತ್ತಾ ಉಂಡಳು. "ನೀ ಬರೂದು ಬಾ. ನಾ ಉಣ್ಣೂದು ಉಣ್ಣಾಕಿ."

ಭಾನುವಾರ ಮಧ್ಯಾಹ್ನ, ಶಾಲೆಗೆ ಬಂದ ಪರಿಹಾರದವರ ಉಪಗ್ರಹ ಫೋನಿನಿಂದ ಸಂತೋಷನ ಕರೆ ಬಂತು. ಕಣ್ಣು ಆ ಶಾಲೆಯ ಮೇಲೆಯೇ ದಾಟಿತ್ತು. ಮೂವತ್ತೈದು ನಿಮಿಷ ಎಳೆಬಿಸಿಲು. ಸಂತೋಷನ ಕಾಲು ಬಾಗಿಲ ತನಕ ಹೋಗಿದ್ದವಂತೆ. ರೊಟ್ಟಿ ಮುರಿದ ಸದ್ದು ನೆನಪಾಗಿ ಅಲ್ಲೇ ಕದಕ್ಕೆ ಬೆನ್ನು ಕೊಟ್ಟು ಕೂತನಂತೆ. ಹೊರಡುತ್ತಿದ್ದ ಇಬ್ಬರು ಜೊತೆಗಾರರನ್ನೂ ಕೈ ಹಿಡಿದು ಕೂರಿಸಿಕೊಂಡನಂತೆ. ಬಜಾರದ ಬೂತು ಈಗ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಅದು ನಿಂತಿದ್ದ ಜಾಗದಲ್ಲಿ ಒಂದು ದೋಣಿ ಮಗುಚಿ ಬಿದ್ದಿತ್ತಂತೆ.

ಆ ಚಂಡಮಾರುತವೂ ಸತ್ತಿತು. ಸಾಯಲೇಬೇಕು. ಬೆಚ್ಚಗಿನ ಸಮುದ್ರ ಅದರ ಒಲೆ. ನೆಲಕ್ಕೆ ಬಂದ ಮೇಲೆ ಒಲೆ ಆರಿತು, ಬೆಟ್ಟಗಳು ಅದರ ಮೈ ಹರಿದವು. ಸಾಯುವಾಗಲೂ ಹೊತ್ತ ನೀರನ್ನೆಲ್ಲ ಬೆಟ್ಟದ ಮೇಲೆ ಸುರಿದೇ ಸತ್ತಿತು. ಎರಡು ದಿನ ಹಳ್ಳಗಳು ತುಂಬಿ ದಾರಿಗಳು ಕುಸಿದವು. ಸಂತೋಷ ಅದನ್ನೂ ಶಾಲೆಯಲ್ಲೇ ಕೂತು ದಾಟಿದ.

ನಿಮ್ಮ ಮನೆಯಿಂದಲೂ ನಾಳೆ ಯಾರೋ ಒಬ್ಬರು ಯಾವುದೋ ಸಮುದ್ರದ ದಂಡೆಗೆ ಕೆಲಸಕ್ಕೆ ಹೋಗುತ್ತಾರೆ. ಕಂಪನಿ ಟಿಕೆಟ್ ಕೊಡುತ್ತದೆ, ಬುದ್ಧಿ ಕೊಡುವುದಿಲ್ಲ. ನೀವು ಕೊಡಿ. ದಂಡೆ ಬಿಡಿ ಎಂದು ಅಲ್ಲಿಯವರು ಹೇಳಿದರೆ ಆ ಕ್ಷಣವೇ ಬಿಡಲು ಹೇಳಿ. ಅಂಕಿ ಇಳಿಯಿತೆಂದು ಕಾಯಬೇಡಿ. ನಡುವೆ ಬಿಸಿಲು ಬಂದರೆ ಅದನ್ನು ನಂಬಬೇಡ, ಎರಡನೇ ಗಾಳಿ ಬಾಕಿ ಇದೆ ಎಂದು ಹೇಳಿ. ಗಾಳಿ ಸತ್ತ ಮೇಲೂ ಹಳ್ಳ ದಾಟಬೇಡ ಎಂದು ಹೇಳಿ. ಹೇಳುವವನು ಏಳನೇ ಕ್ಲಾಸಿನವನಾದರೆ ಮೂಗು ಮುರಿಯಬೇಡಿ. ಚಂಡಮಾರುತ ಯಾರ ಸರ್ಟಿಫಿಕೇಟನ್ನೂ ಕೇಳುವುದಿಲ್ಲ.

ಆಣೆ ಮಾತ್ರ ಹಾಕಬೇಡಿ. ಉಪವಾಸ ಕೂತು ನಿಮ್ಮ ಮಕ್ಕಳನ್ನು ಹೊರಗೆ ಎಳೆಯಬೇಡಿ. ಅವರು ಒಳಗೇ ಉಳಿಯಬೇಕೆಂದರೆ ನೀವು ಇಲ್ಲಿ ರೊಟ್ಟಿ ಮುರಿಯಿರಿ. ಗಟ್ಟಿಯಾಗಿ ಮುರಿಯಿರಿ, ಅವರಿಗೆ ಕೇಳಲಿ.