ಎಡಗೈ ವೀಳ್ಯ

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಗುತ್ತೆಪ್ಪನಷ್ಟು ಸಾಧು ಮನುಷ್ಯ ಇನ್ನೊಬ್ಬನಿರಲಿಲ್ಲ. ಮೇಸ್ತ್ರಿ ಬೈದರೂ ತಲೆ ಎತ್ತುತ್ತಿರಲಿಲ್ಲ. ಆದರೆ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಹರಿಹರದ ಹೊಳೆದಂಡೆಯ ಬಯಲಾಟದಲ್ಲಿ ಮೀಸೆ ಅಂಟಿಸಿಕೊಂಡನೆಂದರೆ ಅವನಂಥ ರಾಜದ್ರೋಹಿ ಸೀಮೆಯಲ್ಲೇ ಸಿಗುತ್ತಿರಲಿಲ್ಲ.

ಆಟದ ಕಥೆ ದೊಡ್ಡದೇನಲ್ಲ. ಗಂಧರ್ವಗಿರಿಯ ಮುದಿರಾಜ ಸತ್ತು, ನಾಗಮಣಿಯ ಕಿರೀಟ ಮಗನ ತಲೆಗೇರುತ್ತದೆ. ಪಟ್ಟದ ದಿನ ಹೊಸ ರಾಜ ಮಂಡಲಿಕರಿಗೆಲ್ಲ ತನ್ನ ಕೈಯಾರೆ ವೀಳ್ಯ ಕೊಡುತ್ತಾನೆ. ಎಲ್ಲರೂ ಬಲಗೈಯಲ್ಲಿ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ನಿಷ್ಠೆ ಕೊಟ್ಟಂತೆ. ಗುತ್ತೆಪ್ಪನ ಪಾತ್ರವಾದ ಮಂಡಲಿಕ ಚಂಡವರ್ಮ ಮಾತ್ರ ಬಲಗೈಯನ್ನು ಎದೆಗಿಟ್ಟುಕೊಂಡು, ನಯವಾಗಿ ಬಾಗಿ, ಎಡಗೈ ಚಾಚುತ್ತಾನೆ. ಕಿರೀಟದ ಭಾರಕ್ಕೋ ಏನೋ ರಾಜನಿಗೆ ಅದು ಕಾಣುವುದಿಲ್ಲ. ಜನಕ್ಕೆ ಕಾಣುತ್ತದೆ. "ಎಡಗೈ! ಎಡಗೈ!" ಎಂದು ಹೆಂಗಸರು ಮಕ್ಕಳೆಲ್ಲ ಬೊಬ್ಬೆ ಹಾಕುತ್ತಾರೆ.

ಆ ಹೊಸ ರಾಜ ಹರಿಹರದ ಹಾಲೇಶಪ್ಪ. ತಲೆ ನರೆತ ಮೇಲೂ ಅವನೇ ಹೊಸ ರಾಜ. ವರ್ಷ ವರ್ಷವೂ ಮೋಸಹೋದವನು, ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಗುತ್ತೆಪ್ಪನ ಮೀಸೆಯ ಅಂಟು ಬಿಡಿಸುತ್ತಿದ್ದ. ತಾಲೀಮಿನ ಭಾನುವಾರಗಳಲ್ಲಿ ಹರಿಹರ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಮಂಡಕ್ಕಿ ಪೊಟ್ಟಣ ಹಿಡಿದು ಕಾಯುತ್ತಿದ್ದ. "ಬಂದೇನಲೇ ದ್ರೋಹಿ" ಎನ್ನುತ್ತಿದ್ದ. ಆ ಒಂದು ಮಾತು ಕೇಳುವುದಕ್ಕೇ ಗುತ್ತೆಪ್ಪ ವಾರವಿಡೀ ಹತ್ತಿಯ ಧೂಳು ಕುಡಿಯುತ್ತಿದ್ದ.

ಹೋದ ಮಳೆಗಾಲದಲ್ಲಿ ಹಾಲೇಶಪ್ಪ ಜ್ವರ ಬಂದು ತೀರಿಕೊಂಡ. ಕಿರೀಟ ಅವನ ಮಗ ರೇವಣ್ಣನ ತಲೆಗೆ ಬಂತು. ಹುಡುಗನದು ಒಳ್ಳೆಯ ಕಂಠ, ಒಳ್ಳೆಯ ಮೈಕಟ್ಟು. ಗುತ್ತೆಪ್ಪ ಮಾತ್ರ ರೈಲಿನಿಂದ ಇಳಿದಾಗಲೆಲ್ಲ ಬೇವಿನ ಮರದತ್ತ ನೋಡುತ್ತಿದ್ದ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ನೋಡುತ್ತಿದ್ದ.

ತಾಲೀಮಿನಲ್ಲಿ ಅವನ ಎಡಗೈ ಕೊರಡಾಯಿತು. ಆಟ ಕಲಿಸುವ ಅಂಜಿನಪ್ಪ ಮಾಸ್ತರ ಸಿಡುಕಿದ.

"ಏನ್ರೀ ಗುತ್ತೆಪ್ಪ, ಮೋಸ ಮಾಡಾಕೆ ಬಂದೀರೋ, ಮೊಸರು ಇಸ್ಕೊಳ್ಳಾಕೆ ಬಂದೀರೋ? ಹಿಂಗಾದ್ರೆ ಮುಂದಿನ ವರ್ಷ ಪಾತ್ರ ಬ್ಯಾರೇರಿಗೆ ಕೊಡ್ತೀನಿ ನೋಡ್ರಿ."

ಆ ಪಾತ್ರವೂ ಹೋದರೆ ಹಾಲೇಶಪ್ಪನದೆಂದು ಉಳಿಯುವುದಾದರೂ ಏನು? ಗುತ್ತೆಪ್ಪ ಮತ್ತೆ ಮೊದಲಿಂದ ಬಾಗಿ ನೋಡಿದ.

"ಆ ಹುಡುಗ ನಿಮಗೇನು ಮಾಡ್ಯಾನ್ರಿ?" ಎಂದು ಅವತ್ತು ರಾತ್ರಿ ಮನೆಯಲ್ಲಿ ಕೇಳಿದಳು ಹೆಂಡತಿ ಕೊಟ್ರವ್ವ.

"ಏನೂ ಮಾಡಿಲ್ಲ. ಅದಕ್ಕೇ ಕಷ್ಟ ಐತೆ. ದ್ರೋಹ ಮಾಡಾಕೂ ಒಂದು ಸಲಿಗೆ ಬೇಕಲ್ಲೇ. ಈ ಎಡಗೈ ಹಾಲೇಶಿದು."

ಆಟದ ದಿನ ಬಂತು. ದೀಪ ಹಚ್ಚುವ ಹೊತ್ತಿಗೇ ಹೊಳೆದಂಡೆ ತುಂಬಿತ್ತು. ಪಟ್ಟವಾಯಿತು, ಮಂಡಲಿಕರು ಒಬ್ಬೊಬ್ಬರಾಗಿ ವೀಳ್ಯ ಪಡೆದರು, ಚಂಡವರ್ಮನ ಸರದಿ ಬಂತು. ಗುತ್ತೆಪ್ಪ ಬಾಗಿದ. ಎಡಗೈ ಏಳಲಿಲ್ಲ. ಬಲಗೈ ತಾನಾಗಿ ಮುಂದೆ ಹೋಯಿತು.

ಅಂಜಿನಪ್ಪನ ತಾಳ ಅರ್ಧಕ್ಕೇ ನಿಂತಿತು. ದ್ರೋಹಿಯೇ ನಿಷ್ಠನಾದರೆ ಮುಂದೆ ಯುದ್ಧವೆಲ್ಲಿ, ಆಟವೆಲ್ಲಿ? "ಪಾಪ, ಹುಡುಗನ ಮ್ಯಾಲೆ ಅಕ್ಕರೆ ಬಂತು ನೋಡ್ರಿ" ಎಂದಳು ಮುಂದೆ ಕೂತ ಮುದುಕಿಯೊಬ್ಬಳು. ಅಕ್ಕರೆಯೂ ಅಲ್ಲ, ಮಣ್ಣೂ ಅಲ್ಲ. ಗೆಳೆಯನ ಪಾಲಿನದನ್ನು ಇನ್ನೊಬ್ಬನಿಗೆ ಕೊಡಲೊಲ್ಲದ ಹಟ. ಅದು ಗುತ್ತೆಪ್ಪನಿಗೆ ಗೊತ್ತಿತ್ತು. ರೇವಣ್ಣನಿಗೂ ಗೊತ್ತಾಯಿತು.

ಅವನು ವೀಳ್ಯ ಬಿಡಲಿಲ್ಲ. ಇನ್ನೊಂದು ತುದಿ ಹಿಡಿದೇ ನಿಂತ.

"ಎಲೈ ಚಂಡವರ್ಮ! ನಮ್ಮ ತಂದೆಯವರಿಗೆ ನೀನು ಚಾಚುತ್ತಿದ್ದ ಕೈ ಇದಲ್ಲ. ಆ ಕೈಯನ್ನು ನಮಗೆ ಕೊಡಲಾರೆಯಾ?"

ಆ ಮಾತು ಆಟದಲ್ಲಿರಲಿಲ್ಲ. ಹೇಳುವಾಗ ಹುಡುಗನ ದನಿ ಒಡೆದಿತ್ತು. ಅಪ್ಪನ ಕಿರೀಟ ದೊಡ್ಡದಾಗಿ, ಒಳಗೆ ಸುತ್ತಿದ ಬಟ್ಟೆಯ ತುದಿ ಹಣೆಗೆ ಇಳಿದಿತ್ತು. ಇಷ್ಟು ದಿನ ಗೆಳೆಯನನ್ನು ಕಳೆದುಕೊಂಡವನು ತಾನೊಬ್ಬನೇ ಎಂಬಂತೆ ಮುಖ ಊದಿಸಿಕೊಂಡು ತಿರುಗಿದ್ದೆನಲ್ಲ, ಇವನು ತಂದೆಯನ್ನು ಕಳೆದುಕೊಂಡಿದ್ದಾನಲ್ಲ ಎಂದು ಗುತ್ತೆಪ್ಪನಿಗೆ ನಾಚಿಕೆಯಾಯಿತು.

ಬಲಗೈ ಹಿಂದೆ ಸರಿದು ಎದೆಗೆ ಬಂತು. ಎಡಗೈ ಚಾಚಿತು.

"ಎಡಗೈ! ಎಡಗೈ!" ಹೊಳೆದಂಡೆಯೆಲ್ಲ ಒಂದೇ ಬೊಬ್ಬೆ. ಕಣ್ಣೀರಿಗೆ ಮೀಸೆಯ ಒಂದು ಬದಿ ಕಿತ್ತುಬಂದಿತ್ತು. ಬಾಗಿದವನು ಬಾಗಿದಂತೆಯೇ, ಯಾರಿಗೂ ಕೇಳದ ಹಾಗೆ ಗುತ್ತೆಪ್ಪ ಅಂದ:

"ಹಾಲೇಶಿ, ಇಷ್ಟು ವರ್ಷ ಆಟಕ್ಕೆ ಮಾಡಿದೆ. ಇವತ್ತು ನಿನಗೆ ನಿಜಕ್ಕೂ ದ್ರೋಹ ಮಾಡಿದೆ ಕಣೋ."