ಝಡ್ ಡ್ರೈವಿನ ಆಕಾಶ

"ಅಕ್ಕಾ, ಶುರುವಾಯ್ತು ನೋಡೇ!" ತಂಗಿ ಕುರ್ಚಿಯಲ್ಲೇ ಕುಣಿದಳು.

ಅಕ್ಕ ನೋಡಲಿಲ್ಲ. ಕಿಟಕಿಯ ಪಕ್ಕ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಲ್ಯಾಪ್‌ಟಾಪಿನಿಂದ ಸಮುದ್ರದ ಸದ್ದು ಬಂದಾಗ ಮಾತ್ರ ಕೈ ಒಂದು ಕ್ಷಣ ನಿಂತಿತು. ಮೂರು ವರ್ಷ ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಅದು. ಪರದೆಯ ಮೇಲೆ ಏನಿದೆ ಎಂದು ನೋಡದೆಯೇ ಹೇಳಬಲ್ಲಳು. ಒಂದು ದೋಣಿ, ಒಂದು ಬಂಡೆ, ಬಂಡೆಯ ಮೇಲೆ ಒಬ್ಬ ಹುಡುಗಿ. ಮೇಲೆ ಬೂದಿ ಬಳಿದಂಥ ಆಕಾಶ.

ಆ ಕಂಪ್ಯೂಟರ್ ಆಟದ ಆಕಾಶ ಬರೆದವಳು ಅವಳೇ. ನಸುಕಿನಿಂದ ನಡುರಾತ್ರಿಯವರೆಗಿನ ಒಂದೊಂದು ಬಣ್ಣವೂ ಅವಳದು. ಆಫೀಸಿನ ಕಂಪ್ಯೂಟರುಗಳಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆಟ ಮಾರುಕಟ್ಟೆಗೆ ಹೋದ ಮೇಲೆ ಕೊಂಡವರಿಗೆ ಕಂಡದ್ದು ಬರೀ ಬೂದಿ. ಜನ ಬರೆದರು: "ಇವರು ಆಕಾಶ ಬಿಡಿಸೋದನ್ನೇ ಮರೆತಿದ್ದಾರೆ." ಕಂಪನಿಯ ಯಜಮಾನ ಎಲ್ಲರೆದುರು ಅವಳ ಕಡೆ ಬೆರಳು ತೋರಿಸಿದ. ನಿನ್ನ ಚಿತ್ರಗಳ ಭಾರ ಹೊರಲಾರದೆ ಜನರ ಕಂಪ್ಯೂಟರುಗಳು ಅವನ್ನು ಕೆಳಗೆ ಹಾಕುತ್ತಿವೆ ಎಂದ. ಹೌದೋ ಅಲ್ಲವೋ ಎಂದು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಸ್ವಲ್ಪ ದಿನಕ್ಕೆ ಕಂಪನಿಗೆ ಬೀಗ ಬಿತ್ತು. ಆಮೇಲೆ ಅವಳು ಒಂದು ಗೆರೆ ಎಳೆದವಳಲ್ಲ. ಈಗ ಅಂಗಡಿ ಬೋರ್ಡು ಮಾಡಿಕೊಡುವ ಕಡೆ ಅಕ್ಷರ ಜೋಡಿಸುತ್ತಾಳೆ.

ಇವತ್ತು ಬೆಳಿಗ್ಗೆ ಹಳೇ ಆಫೀಸಿನ ಉದ್ದಣ್ಣ ಫೋನು ಮಾಡಿದ್ದ. ನಾವು ಹಳಬರಿಬ್ಬರು ಸೇರಿ ಹೊಸ ಆಟ ಮಾಡ್ತಿದ್ದೀವಿ, ಚಿತ್ರ ನೀನೇ ಬರೀಬೇಕು, ಸಂಜೆಯೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರನ್ನ ಕೇಳ್ತೀವಿ ಎಂದಿದ್ದ. ಅಕ್ಕ ಸಂಜೆಯವರೆಗೂ ಕಾಯದೆ ಅಲ್ಲೇ ಬೇಡ ಅಂದುಬಿಟ್ಟಳು. ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವ ತಂಗಿಗೆ ಅದು ಕೇಳಿಸಿತು. ಬೀರುವಿನ ಅಡಿಯಿಂದ ಆಟದ ಡಿಸ್ಕನ್ನು ಎಳೆದುಕೊಂಡು ಬಂದು ಕೂತಿದ್ದಳು.

"ನಿನ್ನ ಲ್ಯಾಪ್‌ಟಾಪು ಲಿನಕ್ಸಿಂದು. ಇದು ವಿಂಡೋಸಿನ ಆಟ. ಅದ್ಹೇಗೆ ಓಡತ್ತೆ?" ಅಕ್ಕ ಕೂತಲ್ಲಿಂದಲೇ ಕೇಳಿದಳು.

"ಅದಕ್ಕೇ ವೈನ್ ಹಾಕಿದ್ದೀನಿ."

"ಏನು ಹಾಕಿದ್ದೀಯ?" ಅಡುಗೆಮನೆಯಿಂದ ಅಮ್ಮನ ದನಿ ಬಂತು.

"ಕುಡಿಯೋದಲ್ಲಮ್ಮಾ! ಇದು ಸಾಫ್ಟ್‌ವೇರು." ತಂಗಿ ನಗುತ್ತಾ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಿಟಕಿ ತೆರೆದಳು. ಕಪ್ಪು ಪರದೆಯ ಮೇಲೆ ಅಕ್ಷರಗಳು ಮಳೆ ಹುಳದಂತೆ ಎದ್ದವು. "ಇಲ್ಲಿ ಬಾರೇ, ಇದನ್ನಾದ್ರೂ ನೋಡು. ಆಟ ತನ್ನ ಭಾಷೇಲಿ ಒಂದೊಂದೇ ಕೇಳ್ತಿದೆ. ಕಿಟಕಿ ಕೊಡು, ಸದ್ದು ಕೊಡು, ಗಂಟೆ ಎಷ್ಟು ಹೇಳು. ಮಧ್ಯ ಈ ವೈನು ನಿಂತ್ಕೊಂಡು ನಮ್ಮ ಲಿನಕ್ಸಿನ ಭಾಷೇಲಿ ಕೇಳಿ ತಂದ್ಕೊಡತ್ತೆ. ತಾನು ಪರ ಊರಲ್ಲಿದ್ದೀನಿ ಅಂತ ಆಟಕ್ಕೆ ಗೊತ್ತೇ ಇಲ್ಲ, ಪಾಪ."

ಅಕ್ಕ ಎದ್ದು ಬಂದಳು. ಸಾಲುಗಳು ನಿಲ್ಲುತ್ತಿರಲಿಲ್ಲ. "ಇಷ್ಟಕ್ಕೆಲ್ಲ ಉತ್ತರ ಬರೆದಿಟ್ಟೋರು ಯಾರೆ?"

"ಯಾರ‍್ಯಾರೋ. ಎಲ್ಲೆಲ್ಲೋ ಕೂತ್ಕೊಂಡು ವರ್ಷಗಟ್ಟಲೆ ಬರೆದಿದ್ದಾರೆ. ನಿಮ್ಮ ಆಟದ ಹೆಸರನ್ನೂ ಕೇಳಿರಲ್ಲ ಅವರು. ಇಲ್ನೋಡು, 'ಇದು ಅರ್ಧ ಆಗಿದೆ, ಸರಿಮಾಡಬೇಕು' ಅಂತ ಯಾರೋ ಪುಣ್ಯಾತ್ಮ ಬರೆದುಬಿಟ್ಟಿದ್ದಾನೆ. ಅರ್ಧದಲ್ಲೇ ಓಡ್ತಿದೆ!"

ಅಕ್ಕ ಬಾಗಿ ನಿಂತಳು. ಮುಚ್ಚಿಹೋದ ಕಂಪನಿಯ, ಜನ ಉಗಿದು ಮರೆತ ಒಂದು ಆಟ. ಅದು ಕೇಳುವ ಪ್ರಶ್ನೆಗಳಿಗೂ ಮುಖ ಗೊತ್ತಿಲ್ಲದವರು ಉತ್ತರ ಇಟ್ಟುಕೊಂಡು ಕಾದಿದ್ದರು.

"ಇದೊಂದೇ ಅರ್ಥ ಆಗ್ತಿಲ್ಲ," ತಂಗಿ ಹುಬ್ಬು ಗಂಟಿಕ್ಕಿದಳು. "ಝಡ್ ಡ್ರೈವಲ್ಲಿ ಆಕಾಶ ಅನ್ನೋ ಫೋಲ್ಡರ್ ಕೇಳತ್ತೆ, ಸಿಗಲ್ಲ. ಮತ್ತೆ ಕೇಳತ್ತೆ, ಮತ್ತೆ ಸಿಗಲ್ಲ. ಏನೇ ಈ ಝಡ್ಡು?"

ಅಕ್ಕನ ಕೈಯಲ್ಲಿದ್ದ ಹುರುಳಿಕಾಯಿ ಮೇಜಿನ ಮೇಲೆ ಬಿತ್ತು.

"ಅದು... ಆಫೀಸಿನ ಕಪಾಟು ಕಣೆ. ಎಲ್ಲರ ಕಂಪ್ಯೂಟರಿಗೂ ಜೋಡಿಸಿದ್ರಲ್ಲ, ಆ ಸರ್ವರು. ಮುಗಿಸಿದ ಚಿತ್ರ ಎಲ್ಲ ಅಲ್ಲಿಡ್ತಿದ್ವಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಟದ ಪ್ರೋಗ್ರಾಂ ಬರೆದವರು ಆಫೀಸಿನ ಕಪಾಟಿನ ವಿಳಾಸವನ್ನೇ ಬರೆದು, ಬದಲಿಸದೆ ಮಾರಾಟಕ್ಕೆ ಕಳಿಸಿದ್ದರು. ಆಫೀಸಿನ ಒಂದೊಂದು ಕಂಪ್ಯೂಟರಿಗೂ ಆ ಕಪಾಟು ಇತ್ತು, ಅಲ್ಲಿ ಆಕಾಶ ಕಂಡಿತು. ಕೊಂಡವರ ಮನೆಯಲ್ಲಿ ಕಪಾಟೆಲ್ಲಿಂದ ಬರಬೇಕು?

"ಅಂದ್ರೆ ನನ್ನ ಚಿತ್ರ ಭಾರ ಆಗಿದ್ದಲ್ಲ," ಅಕ್ಕ ಅಂದಳು. "ಅದನ್ನ ಯಾರ ಕಂಪ್ಯೂಟರೂ ತೆರೆದೇ ಇಲ್ಲ."

"ಡಿಸ್ಕಲ್ಲಿ ಇದ್ಯಾ ಅವು?"

"ಇರಬೇಕು. ನಾನೇ ಹಾಕಿ ಕಳಿಸಿದ್ದೆ."

ಇದ್ದವು. "ವೈನಲ್ಲಿ ಈ ಆಟಕ್ಕೇ ಅಂತ ಬೇರೆ ಡಬ್ಬಿ ಮಾಡಿಟ್ಟಿದ್ದೀನಿ. ಇದರೊಳಗೆ ಝಡ್ ಎಲ್ಲಿದೆ ಅಂತ ಹೇಳೋಳು ನಾನು," ಎಂದು ತಂಗಿ ಚಿತ್ರಗಳನ್ನೆಲ್ಲ ಆಟ ಕೇಳಿದ ಜಾಗಕ್ಕೆ ಸುರಿದಳು. ಆಟವನ್ನು ಮುಚ್ಚಿ ಮತ್ತೆ ತೆರೆದಳು.

ಮೊದಲು ಏನೂ ಇರಲಿಲ್ಲ. ಆಮೇಲೆ ಸಮುದ್ರದ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣದ ಒಂದು ಗೆರೆ ಎದ್ದಿತು. ಅದು ಹರಡಿ, ತೆಳುವಾಗಿ, ಮೇಲಿನ ಕಡುನೀಲಿಯನ್ನು ಹಿಂದಕ್ಕೆ ತಳ್ಳುತ್ತಾ ಹೋಯಿತು. ಮೋಡಗಳ ಹೊಟ್ಟೆಗೆ ಬೆಳಕು ತಾಗಿತು. ನೀರೂ ಬಂಡೆಯೂ ಆ ಬಣ್ಣ ಕುಡಿದವು. ತಂಗಿಯ ಮುಖ, ಗೋಡೆ, ಮೇಜಿನ ಮೇಲಿನ ಹುರುಳಿಕಾಯಿ, ಎಲ್ಲ ಕೆಂಪಾದವು.

ಸೌಟು ಹಿಡಿದೇ ಬಂದ ಅಮ್ಮ ಬಾಗಿಲಲ್ಲಿ ನಿಂತಳು. ಮೂರು ವರ್ಷ ಅದೇನು ಕಡಿದು ಕಟ್ಟೆ ಹಾಕಿದಳೋ ಎಂದು ಕಂಡವರೆದುರೆಲ್ಲ ಹೇಳುತ್ತಿದ್ದವಳು.

"ಇದು ನೀನಾ ಮಾಡಿದ್ದು?"

"ಹ್ಞೂಂ."

"ಅಷ್ಟೂನಾ?"

"ಅಷ್ಟೂ."

ಅಮ್ಮ ಕುರ್ಚಿ ಎಳೆದುಕೊಂಡಳು. "ಆ ಕಡೆ ಏನಿದೆ? ತಿರುಗಿಸೇ."

"ನೀನೇ ತಿರುಗಿಸಮ್ಮಾ," ತಂಗಿ ಮೌಸನ್ನು ಅವಳತ್ತ ಸರಿಸಿದಳು.

ಅಕ್ಕ ಪರದೆಯನ್ನೇ ದಿಟ್ಟಿಸುತ್ತಿದ್ದಳು. "ಎಡಗಡೆ ಮೋಡದ ಅಂಚು ಒರಟಾಯ್ತು," ಎಂದಳು, ಯಾರಿಗೂ ಅಲ್ಲ. "ಈಗಾದ್ರೆ ಹಾಗೆ ಬರೀತಿರಲಿಲ್ಲ." ಫೋನು ತೆಗೆದುಕೊಂಡು ಕಿಟಕಿಯ ಬಳಿಗೆ ಹೋದಳು. "ಉದ್ದಣ್ಣಾ, ನಾನು ಕಣೋ. ಬೇರೆ ಯಾರನ್ನಾದ್ರೂ ಕೇಳಿಬಿಟ್ಯಾ?"

ಅಮ್ಮ ಅಲ್ಲಿಯವರೆಗೆ ಮೌಸು ಮುಟ್ಟಿದವಳಲ್ಲ. ಸೌಟನ್ನು ಎಡಗೈಗೆ ಬದಲಿಸಿ, ಹೆದರಿ ಹೆದರಿ ಮುಂದಕ್ಕೆ ತಳ್ಳಿದಳು. ದೋಣಿ ಜಾರಿತು, ಬಂಡೆ ಜಾರಿತು, ಸಮುದ್ರವೂ ಕೆಳಗೆ ಜಾರಿಹೋಯಿತು. ಪರದೆಯ ತುಂಬ ಆಕಾಶವೊಂದೇ ಉಳಿಯಿತು. ಅಮ್ಮ ಇನ್ನೂ ಮೇಲಕ್ಕೇ ತಳ್ಳುತ್ತಿದ್ದಳು.